ಹಿತ್ತಿಲಿಂದ ಹೊರಟು ಮುಂಬಾಗಿಲಿಗೆ ಬಂದ ಸಾರು

ನಮ್ಮ ಅಡುಗೆಮನೆಯ ಡಬ್ಬಿಗಳಲ್ಲಿ ಈಗ ಸಾಸಿವೆಗಿಂತ ಬಾದಾಮಿಯೇ ಹೆಚ್ಚು. ಬಣ್ಣ ಕಟ್ಟಿ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಶಿಕಾರಿಪುರಕ್ಕೆ ಬಂದಾಗ ಮನೆಗೆ ಬನ್ನಿ, ಮುಚ್ಚಳ ತೆಗೆದು ತೋರಿಸುತ್ತೇನೆ. ನಮ್ಮ ಅತ್ತೆಯವರಿಗೆ ಮರೆವಿನ ಕಾಯಿಲೆ ಎಂಬ ಸುದ್ದಿ ನೆಂಟರಲ್ಲಿ ಹಬ್ಬಿದ ದಿನದಿಂದ, ಬಂದವರೆಲ್ಲ ಒಂದು ಪೊಟ್ಟಣ ಬಾದಾಮಿ ಹಿಡಿದೇ ಬರುತ್ತಾರೆ. ನೆನೆಸಿ, ಸಿಪ್ಪೆ ಸುಲಿದು, ಬರೀ ಹೊಟ್ಟೆಗೆ ಕೊಡಬೇಕಂತೆ. ಅತ್ತೆಗೆ ಬಾಯಲ್ಲಿ ಹಲ್ಲಿಲ್ಲ ಎಂಬುದನ್ನು ಅವರಲ್ಲಿ ಒಬ್ಬರೂ ಗಮನಿಸಿಲ್ಲ. ಅರೆದು ಹಾಲಿಗೆ ಬೆರೆಸಿ ಕೊಟ್ಟರೆ ಅತ್ತೆ ನನ್ನ ಮುಖ ನೋಡಿಕೊಂಡೇ ಉಗಿಯುತ್ತಾರೆ. ಕೊನೆಗೆ ಅದನ್ನೆಲ್ಲ ತಿನ್ನುವವರು ನಮ್ಮ ಯಜಮಾನರು. ತಿಂದು ತಿಂದು ಅವರ ಜ್ಞಾಪಕಶಕ್ತಿ ಭಯಂಕರವಾಗಿ ಬೆಳೆದಿದೆ. ಮದುವೆಯಾದ ಹೊಸದರಲ್ಲಿ ನಾನು ಸೀಯಿಸಿದ ಹೋಳಿಗೆಯ ವಿಷಯವನ್ನು ಮೊನ್ನೆ ಊಟಕ್ಕೆ ಕುಳಿತಾಗ ಎತ್ತಿದರು.

ಬಾದಾಮಿಯನ್ನಾದರೂ ಸಹಿಸಬಹುದು. ಅದರ ಬೆನ್ನಿಗೇ ಬರುವ ಪರೀಕ್ಷೆಯನ್ನು ಸಹಿಸುವುದು ಕಷ್ಟ. ಬಂದವರು ಕಾಲು ತೊಳೆದುಕೊಂಡು ನೆಟ್ಟಗೆ ಅತ್ತೆಯವರ ಮಂಚದ ಮುಂದೆ ಹೋಗುತ್ತಾರೆ. ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾರೆ. ಹೇಗಿದ್ದೀರಿ ಎನ್ನುವುದಿಲ್ಲ, ಉಂಡಿರಾ ಎನ್ನುವುದಿಲ್ಲ. "ನಾನ್ಯಾರು ಹೇಳು ನೋಡಾಣ?" ಎನ್ನುತ್ತಾರೆ. ವರ್ಷಗಟ್ಟಲೆ ಈ ಬೀದಿಗೆ ತಲೆ ಹಾಕದವರಿಗೂ ತಾವು ಮರೆಯಲಾಗದ ಮಹಾನುಭಾವರು ಎಂಬ ನಂಬಿಕೆ ಎಲ್ಲಿಂದ ಬರುತ್ತದೋ ನಮ್ಮೂರ ದೇವರು ಆ ಹುಚ್ಚರಾಯನೇ ಬಲ್ಲ.

ನಮ್ಮವರ ಚಿಕ್ಕಪ್ಪನ ಮಗನೊಬ್ಬ ಹೀಗೆಯೇ ಬಂದು, ಮುಖವನ್ನು ಅತ್ತೆಯ ಮುಖಕ್ಕೆ ತಂದಿಟ್ಟು, "ದೊಡ್ಡವ್ವ, ನಾನ್ಯಾರು ಹೇಳು" ಎಂದ. ಅತ್ತೆ ಅವನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು.

"ನಿಂಗೂ ಗೊತ್ತಿಲ್ಲನು? ಪಾಪ. ಇಲ್ಲೇ ಕುಂತ್ಕ. ನಿಮ್ಮನೆಯವ್ರು ಹುಡುಕ್ಕೊಂಡು ಬತ್ತಾರೆ" ಎಂದರು.

ನನಗೆ ನಗು ತಡೆಯಲಾಗದೆ ಒಳಗೆ ಹೋಗಬೇಕಾಯಿತು. ಅವನು ಹೊರಡುವಾಗ ಅತ್ತೆಗೆ ಕೇಳುವ ಹಾಗೆಯೇ, "ಪೂರ್ತಿ ಹೋಗೈತಿ ಬಿಡ್ರಿ ಅತ್ತಿಗೆ" ಎಂದ, ಬಚ್ಚಲಮನೆಯ ಬಲ್ಬು ಹೋಗಿದೆ ಎನ್ನುವವರ ಧಾಟಿಯಲ್ಲಿ. ಕಾಲಕಾಲಕ್ಕೆ ಗುಡವಿ ಕೆರೆಗೆ ಹಕ್ಕಿಗಳು ಬಂದ ಹಾಗೆ ನಮ್ಮ ಮನೆಗೆ ಹಬ್ಬ ಹುಣ್ಣಿಮೆಗೆ ಇಂಥವರು ಬಂದಿಳಿಯುತ್ತಾರೆ. ಆ ಹಕ್ಕಿಗಳೇ ವಾಸಿ. ತಮ್ಮ ಮೀನು ತಾವು ಹಿಡಿದುಕೊಂಡು ತಿನ್ನುತ್ತವೆ, ಯಾರನ್ನೂ ಪ್ರಶ್ನೆ ಕೇಳುವುದಿಲ್ಲ.

ನಮ್ಮ ಅತ್ತೆ ಮೊದಲು ಎಂಥವರೆಂದು ನಿಮಗೆ ಹೇಳಬೇಕು. ಅವರ ತೌರು ಸೊರಬದ ಕಡೆಯ ಕುಬಟೂರು. ನಾನು ಸೊಸೆಯಾಗಿ ಬಂದ ಕಾಲದಲ್ಲಿ, ಯಾವ ತಪ್ಪಲೆಯನ್ನು ನಾನು ಸರಿಯಾಗಿ ತಿಕ್ಕಿಲ್ಲ ಎಂಬುದನ್ನು ಪಡಸಾಲೆಯಲ್ಲಿ ಕುಳಿತೇ ಹೇಳುತ್ತಿದ್ದರು. ಮಡಿ ಮೈಲಿಗೆಯ ವಿಷಯದಲ್ಲಂತೂ ಊರಿನ ಭಟ್ಟರೇ ಅವರನ್ನು ಕೇಳಿಕೊಂಡು ಹೋಗಬೇಕು. ಅಂಥವರು ಒಂದು ದಿನ ಕಾಸಿದ ಹಾಲನ್ನು ಬಟ್ಟೆ ನೆನೆಸಿದ ಬಕೆಟ್ಟಿಗೆ ಹೊಯ್ದು ಮುಚ್ಚಳ ಮುಚ್ಚಿ ಬಂದರು. ವಯಸ್ಸಾಯಿತಲ್ಲ ಎಂದೆವು. ಆಮೇಲೆ ದಿನಾ ಹೋಗುತ್ತಿದ್ದ ಗುಡಿಯಿಂದ ಮನೆಗೆ ಬರುವ ದಾರಿ ತಪ್ಪಿತು. ಅರಳುಮರುಳು ಎಂದೆವು. ಕನ್ನಡಿಯಲ್ಲಿ ಕಂಡ ಮುದುಕಿಗೆ, "ಯಾರವ್ವ ನೀನು, ಒಳಗೆ ಬಾ" ಎಂದ ದಿನ ನಮ್ಮವರಿಗೆ ಭಯವಾಗಿ ಅತ್ತೆಯನ್ನೂ ನನ್ನನ್ನೂ ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು.

ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಮಾತು ಸಮಾಧಾನದ್ದು. "ಇದು ಹಟ ಅಲ್ಲ, ನಾಟಕ ಅಲ್ಲ, ವಯಸ್ಸಿನ ಮರೆವೂ ಅಲ್ಲಮ್ಮ. ಮಿದುಳಿನ ಕಾಯಿಲೆ, ಡಿಮೆನ್ಶಿಯಾ ಅಂತಾರೆ. ವಾಸಿ ಮಾಡ್ತೀನಿ ಅಂತ ಸುಳ್ಳು ಹೇಳಲ್ಲ. ನೀವು ಅವರ ಜೊತೆ ವಾದ ಮಾಡಬೇಡಿ, ಪರೀಕ್ಷೆ ಮಾಡಬೇಡಿ. ಅವರು ನಮ್ಮ ಕಾಲಕ್ಕೆ ಬರೋಕಾಗಲ್ಲ, ನೀವೇ ಅವರ ಕಾಲಕ್ಕೆ ಹೋಗಿ" ಎಂದರು. ಅಲ್ಲಿಗೆ ಹೋಗಲು ಬಸ್ಸೇನೂ ಇರಲಿಲ್ಲ. ಆದರೂ ಮೆಲ್ಲಗೆ ಹೋಗುವುದನ್ನು ಕಲಿತೆ.

ಅತ್ತೆಯ ಕಾಲದಲ್ಲಿ ಈಗ ಅವರ ತಾಯಿ ಬದುಕಿದ್ದಾರೆ. ಆ ತಾಯಿ ತೀರಿಕೊಂಡು ಎಷ್ಟು ಕಾಲವಾಯಿತೆಂದರೆ ನಾನೂ ಅವರನ್ನು ಪಟದಲ್ಲಿ ಮಾತ್ರ ನೋಡಿದ್ದೇನೆ. ಸಂಜೆಯಾದರೆ ಸಾಕು, ಅತ್ತೆ ಬಾಗಿಲಿಗೆ ಬಂದು ನಿಲ್ಲುತ್ತಾರೆ.

"ಅವ್ವ ಬರ್ಲಿಲ್ಲನೇ ತಂಗಿ?"

"ಗದ್ದಿ ಕಡೆ ಹೋಗ್ಯಾರೆ ಅತ್ತೆ, ಬರ್ತಾರೆ. ಅಷ್ಟರಾಗ ಈ ಸೊಪ್ಪು ಬಿಡಿಸಿ ಕೊಡ್ರಿ."

ಅತ್ತೆ ಕೂತು ಸೊಪ್ಪು ಬಿಡಿಸುತ್ತಾರೆ. ಕಡ್ಡಿಯನ್ನು ಮೊರಕ್ಕೆ ಹಾಕಿ ಎಲೆಯನ್ನು ಎಸೆಯುತ್ತಾರೆ. ಎಸೆದದ್ದನ್ನು ಆರಿಸಿಕೊಂಡರಾಯಿತು, ಅದೇನು ಬಾವಿಗೆ ಬೀಳುವುದಿಲ್ಲವಲ್ಲ. ದೇವರು ಕರುಣೆ ತೋರಿಸುವುದು ದೊಡ್ಡ ದೊಡ್ಡದರಲ್ಲೇ ಆಗಬೇಕೆಂದು ನಾನು ಹಟ ಹಿಡಿಯುವವಳಲ್ಲ. ಅತ್ತೆ ಮಾತ್ರೆಯನ್ನು ಬಾಳೆಹಣ್ಣಿನಲ್ಲಿಟ್ಟರೆ ನುಂಗುತ್ತಾರೆ, ಅದೊಂದು ಕರುಣೆ. ಬಚ್ಚಲಮನೆಯ ಚಿಲಕ ತಾನಾಗಿ ಮುರಿದು, ಅವರು ಒಳಗಿನಿಂದ ಹಾಕಿಕೊಳ್ಳುವುದು ತಪ್ಪಿತು, ಅದೊಂದು ಕರುಣೆ. ಯಾರ್ಯಾರ ಮೇಲೆ ತಮಗೆ ದ್ವೇಷವಿತ್ತೆಂಬುದೂ ಮರೆತುಹೋಗಿದೆ. ಆ ಪಟ್ಟಿಯಲ್ಲಿ ನನ್ನ ಹೆಸರು ಎಲ್ಲಿತ್ತೆಂದು ನನಗೆ ಗೊತ್ತಿರುವುದರಿಂದ, ಇದು ಎಲ್ಲಕ್ಕಿಂತ ದೊಡ್ಡ ಕರುಣೆ.

ದಿನಾ ದೇವರ ಮುಂದೆ ಕೂರುವವಳು ದಿನಾ ಸುಳ್ಳು ಹೇಳಬಹುದೇ ಎಂದು ನೀವು ಕೇಳಬಹುದು. ಸುಳ್ಳಿನ ಅಭ್ಯಾಸ ನನಗೆ ಚಿಕ್ಕಂದಿನದು. ನನ್ನೂರು ತಾಳಗುಂದ. ಅಲ್ಲಿಯ ಗುಡಿಯ ಮುಂದೆ ಅಕ್ಷರ ಕೆತ್ತಿದ ಹಳೆಯ ಕಲ್ಲುಕಂಬವಿದೆ. ದೂರದಿಂದ ಬಂದವರು ಅದರ ಸುತ್ತ ತಿರುಗಿ, ಆಮೇಲೆ ಅಲ್ಲೇ ಆಡುತ್ತಿದ್ದ ನಮ್ಮನ್ನು ಕರೆದು, "ಏನು ಬರ್ದೈತೆ ಮಕ್ಕಳೇ ಇದ್ರಾಗೆ?" ಎಂದು ಕೇಳುತ್ತಿದ್ದರು. ನಮಗೆ ಆ ಅಕ್ಷರದ ತಲೆಬುಡ ತಿಳಿಯದು. ಆದರೂ ನಾನು ಒಮ್ಮೆ "ಇಲ್ಲಿ ನಿಧಿ ಐತಂತೆ", ಇನ್ನೊಮ್ಮೆ "ಇದನ್ನ ಮುಟ್ಟಿದ್ರೆ ಮೀಸೆ ಉದುರ್ತಾವಂತೆ" ಎನ್ನುತ್ತಿದ್ದೆ. ಮೀಸೆಯವರು ತಟ್ಟನೆ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರು.

ಅದೇ ಊರಿನಲ್ಲಿ ನಿಂಗಜ್ಜಿ ಎಂಬಾಕೆ ಇದ್ದಳು. ಆಕೆಗೂ ಇದೇ ಕಾಯಿಲೆ ಇತ್ತೆಂದು ಈಗ ಅನಿಸುತ್ತದೆ. ಆಗ ಅದಕ್ಕೆ ಹೆಸರಿರಲಿಲ್ಲ. ಗಾಳಿ ಮೆಟ್ಟಿದೆ ಎಂದು ಬೇವಿನ ಸೊಪ್ಪಿನಲ್ಲಿ ಹೊಡೆದರು. ಹಿಂದಿನ ಜನ್ಮದ ಪಾಪ ಎಂದರು. ಸುಗ್ಗಿಯ ದಿನಗಳಲ್ಲಿ ಎಲ್ಲರೂ ಹೊಲಕ್ಕೆ ಹೋಗುವಾಗ ಕೊಟ್ಟಿಗೆಯ ಕಂಬಕ್ಕೆ ಹಗ್ಗ ಹಾಕಿ ಕಟ್ಟಿ ಹೋಗುತ್ತಿದ್ದರು. ಕುರಿಮರಿಗಳ ನಡುವೆ ಕೂತು ಆಕೆ, ಹಾದುಹೋಗುವ ನಮ್ಮನ್ನು ಹೆಸರು ತಪ್ಪಿಸಿ ಕರೆಯುತ್ತಿದ್ದಳು. ಹಿಂದಿನ ಕಾಲದಲ್ಲಿ ಹಿರಿಯರನ್ನು ಹೂವಿನ ಹಾಗೆ ನೋಡಿಕೊಳ್ಳುತ್ತಿದ್ದರು ಎಂದು ವಾಟ್ಸಾಪಿನಲ್ಲಿ ಕಳಿಸುವವರಿಗೆಲ್ಲ ನಾನು ಆ ಹಗ್ಗದ ವಿಷಯ ಬರೆದು ಕಳಿಸಬೇಕೆಂದಿದ್ದೇನೆ. ಆಗಿನವರು ಹಗ್ಗ ಹಾಕಿದರು, ಈಗಿನವರು ಬಾದಾಮಿ ತರುತ್ತಾರೆ. ಪಕ್ಕದಲ್ಲಿ ಕೂತು ಕೈ ಹಿಡಿಯುವವರು ಆಗಲೂ ಕಡಿಮೆ, ಈಗಲೂ ಕಡಿಮೆ.

ಇಷ್ಟು ಪೀಠಿಕೆ ಹಾಕಿದ್ದು ನನ್ನ ನಾದಿನಿ ನಾಗರತ್ನಳ ವಿಷಯಕ್ಕೆ ಬರಲು. ಅತ್ತೆಯ ಒಬ್ಬಳೇ ಮಗಳು. ಸೊರಬದಲ್ಲಿ ರವಿಕೆ ಹೊಲಿಯುವ ಅಂಗಡಿ ಇಟ್ಟಿದ್ದಾಳೆ. ಅವಳ ಹೊಲಿಗೆಯಲ್ಲಿ ಅರ್ಧ ಇಂಚು ಆಚೀಚೆ ಆಗುವುದಿಲ್ಲ. ಮಾತಿನಲ್ಲೂ ಆಗಬಾರದೆಂದು ಅವಳ ಹಟ. "ಇದ್ದದ್ದು ಇದ್ದಂಗೆ ಹೇಳ್ಬೇಕು ಅತ್ತಿಗೆ" ಎನ್ನುವುದು ಅವಳ ಜಪ. ಇದ್ದದ್ದನ್ನು ಇದ್ದ ಹಾಗೆ ಹೇಳಿ ಸೊರಬದಲ್ಲಿ ಅವಳು ಎಷ್ಟು ಗಿರಾಕಿಗಳನ್ನು ಕಳೆದುಕೊಂಡಿದ್ದಾಳೋ ಅವಳ ಗಂಡನನ್ನು ಕೇಳಬೇಕು. ನಲವತ್ತು ದಾಟಿದ ಹೆಂಗಸಿಗೆ, ನಿಮ್ಮ ತೋಳು ದಪ್ಪ ಆಗ್ಯಾವೆ, ಅಳತೆ ಬಟ್ಟೆ ನಂಬಬ್ಯಾಡ್ರಿ ಎಂದರೆ ಯಾರು ತಿರುಗಿ ಬರುತ್ತಾರೆ?

ಅವಳು ಕಳೆದ ಬೇಸಿಗೆಯಲ್ಲಿ ಬಂದಾಗ ಸಂಜೆಯ ಹೊತ್ತು ಅತ್ತೆ ಎಂದಿನಂತೆ ಬಾಗಿಲಲ್ಲಿ ನಿಂತು, "ಅವ್ವ ಬರ್ಲಿಲ್ಲನೇ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ನಾಗರತ್ನ ಹೇಳಿಬಿಟ್ಟಳು: "ನಿಮ್ಮವ್ವ ಎಲ್ಲಿಂದ ಬರ್ಬೇಕವ್ವ? ಸತ್ತು ಎಷ್ಟೋ ವರ್ಷಾತು."

ಅತ್ತೆಯ ಕೂಗು ಬೀದಿಯ ಕೊನೆಯ ಮನೆಗೂ ಕೇಳಿಸಿತು. ನಮಗೆ ಅದು ಹಳೆಯ ಸಾವು. ಅವರಿಗೆ ಅದು ಆಗ ತಾನೇ ಆದ ಸಾವು, ತಾಯಿಯ ಸಾವು. ನೆಲಕ್ಕೆ ಕೂತು ಎದೆ ಬಡಿದುಕೊಂಡರು. ಆಮೇಲೆ ಎದ್ದರು. ನಲ್ಲಿಯ ಕೆಳಗೆ ಕೂತು ಉಟ್ಟ ಸೀರೆಯಲ್ಲೇ ತಲೆಗೆ ನೀರು ಹೊಯ್ದುಕೊಂಡರು. ಕೊಟ್ಟ ಹೆಣ್ಣಿಗೂ ತೌರಿನ ಸಾವಿನ ಮೈಲಿಗೆ ಉಂಟು. ನೀರು ಸುರಿಯುವ ಮೈಯಲ್ಲೇ ಒಳಗೆ ಬಂದು ದೇವರ ಕೋಣೆಯ ಬಾಗಿಲು ಎಳೆದುಕೊಂಡರು. ಒಲೆಯ ಮೇಲಿದ್ದ ಅನ್ನದ ಪಾತ್ರೆಯನ್ನು ಇಳಿಸಿ, "ಹೆಣ ಎದ್ದ ಮನೇಲಿ ಒಲಿ ಹಚ್ಚೀಯಲ್ಲೇ, ನಿಂಗೆ ಯಾರೂ ಹೇಳಿಕೊಟ್ಟಿಲ್ಲನು?" ಎಂದು ನನ್ನನ್ನು ಬೈದರು. ತಮ್ಮ ಹೆಸರೇ ಒಮ್ಮೊಮ್ಮೆ ನೆನಪಿರದ ಹೆಂಗಸಿಗೆ ಸತ್ತವರಿಗೆ ಏನು ಸಲ್ಲಬೇಕೆಂಬುದು ಒಂದಿಷ್ಟೂ ಮರೆತಿರಲಿಲ್ಲ.

ಸಾವಾದ ಮನೆಯಲ್ಲಿ ಒಲೆ ಉರಿಯುವುದಿಲ್ಲ, ಬೇರೆ ಮನೆಯವರು ಅಡುಗೆ ಮಾಡಿ ತಂದು ಬಡಿಸಬೇಕು. ಇದು ನಮ್ಮ ಕಡೆಯ ಪದ್ಧತಿ. ಹೀಗಾಗಿ ನಾನು ಮಾಡಿದ್ದನ್ನು ಅತ್ತೆ ಮುಟ್ಟಲಿಲ್ಲ. ಮಾರನೆಯ ದಿನವೂ ಮುಟ್ಟಲಿಲ್ಲ. ಅಷ್ಟರಲ್ಲಿ ಸತ್ತವರು ಯಾರೆಂಬುದು ಅವರಿಗೆ ಮರೆತುಹೋಗಿತ್ತು. "ಯಾರೋ ಹೋಗ್ಯಾರೆ ತಂಗಿ, ಯಾರಂತ ಹೊಳೀತಿಲ್ಲ" ಎನ್ನುತ್ತಾ ಕಣ್ಣೀರು ಸುರಿಸುತ್ತಿದ್ದರು. ಸುದ್ದಿ ಹೋಗಿಬಿಟ್ಟಿತ್ತು, ಅದು ತಂದ ಸಂಕಟ ಮಾತ್ರ ಮನೆ ಬಿಟ್ಟು ಹೋಗಲಿಲ್ಲ. ಸತ್ಯ ಹೇಳಿದ ನಾಗರತ್ನ ಮಾತ್ರ ಅಂಗಡಿ ತೆರೆಯಬೇಕೆಂದು ಬೆಳಗಿನ ಬಸ್ಸಿಗೇ ಸೊರಬಕ್ಕೆ ಹೋಗಿಯಾಗಿತ್ತು.

ಕೊನೆಗೆ ನನಗೆ ಬುದ್ಧಿ ಕೊಟ್ಟವನು ದೇವರೇ ಇರಬೇಕು. ಅಡುಗೆ ಮಾಡಿ, ಸಾರಿನ ಪಾತ್ರೆಯನ್ನು ಹಿತ್ತಿಲ ಬಾಗಿಲಿನಿಂದ ಪಕ್ಕದ ಮನೆಯ ಗಿರಿಜಮ್ಮನ ಕೈಗೆ ದಾಟಿಸಿದೆ. ಗಿರಿಜಮ್ಮ ಅದಕ್ಕೆ ಬಾಳೆಲೆ ಮುಚ್ಚಿಕೊಂಡು, ಬೀದಿ ಸುತ್ತಿ, ಮುಂಬಾಗಿಲಿನಿಂದ ಮುಖ ಸಪ್ಪಗೆ ಮಾಡಿಕೊಂಡು ಬಂದಳು. "ಆದದ್ದು ಆತು ಬಿಡ್ರಿ ಅಜ್ಜಿ, ನಮ್ಮನೆಯಿಂದ ಒಂದೀಟು ತಂದೀನಿ, ಉಣ್ರಿ" ಎಂದಳು. ಅತ್ತೆ ಉಂಡರು. ಉಂಡು ಕೈ ತೊಳೆದು, ನನ್ನ ಕಡೆ ಬೆರಳು ಮಾಡಿ, "ಸಾರು ಅಂದ್ರೆ ಹಿಂಗಿರ್ಬೇಕು ನೋಡು. ಇವ್ಳೂ ಮಾಡ್ತಾಳೆ, ಕಲಗಚ್ಚಿನಂಗೆ" ಎಂದರು. ಗಿರಿಜಮ್ಮ ಸೆರಗು ಬಾಯಿಗೆ ತುರುಕಿಕೊಂಡಳು. ನನ್ನ ಸಾರನ್ನು ಅತ್ತೆ ಹೊಗಳಿದ್ದು ಮದುವೆಯಾದಾಗಿನಿಂದ ಅದೇ ಮೊದಲು. ಹೆಸರು ಗಿರಿಜಮ್ಮನಿಗೆ ಹೋಯಿತು, ಹೋಗಲಿ.

ಫೋನಿನಲ್ಲಿ ಇದನ್ನೆಲ್ಲ ಹೇಳಿದರೆ ನಾಗರತ್ನ ಕೇಳಬೇಕಲ್ಲ!

"ಸುಳ್ಳು ಹೇಳಿ ಹೇಳಿ ನೀವೇ ಅವ್ವನ್ನ ಹಾಳು ಮಾಡೀರಿ ಅತ್ತಿಗೆ. ಇದ್ದದ್ದನ್ನ ಹೇಳ್ತಾ ಹೋದ್ರೆ ಒಂದಿನ ತಲೆಗೆ ಹತ್ತೇ ಹತ್ತುತ್ತೆ. ನನ್ನ ಗುರುತೂ ಸಿಗುತ್ತೆ."

"ನಿನ್ನ ಗುರುತು ಸಿಗ್ಲಿ ಅಂತ ಅವರ ಅವ್ವನ್ನ ಎಷ್ಟು ಸಲ ಸಾಯಿಸ್ತೀಯೇ?"

"ಒಂದೇ ಒಂದು ಸಲ ನಾಗೂ ಅಂದ್ರೆ ಸಾಕಾಗಿತ್ತು" ಎಂದು ಫೋನು ಇಟ್ಟಳು. ನನಗೆ ಪಾಪ ಅನಿಸಬೇಕಿತ್ತು, ನಿಜ. ಆದರೆ ಆ ಬೇಸಿಗೆಯ ಉಪವಾಸದಿಂದ ಅತ್ತೆ ಇಳಿದುಹೋಗಿದ್ದರು. ಬಳೆ ಮೊಣಕೈವರೆಗೆ ಜಾರುತ್ತಿತ್ತು. ಇನ್ನೊಂದು ಸಲ ಹೀಗೆ ಅನ್ನ ನೀರು ಬಿಟ್ಟರೆ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ, ಈ ವಯಸ್ಸಿಗೆ ತಡೆದುಕೊಳ್ಳುವುದು ಕಷ್ಟ ಎಂದು ಡಾಕ್ಟರು ಎಚ್ಚರಿಸಿದ್ದರು. ಆ ಮಾತನ್ನೂ ನಾಗರತ್ನಳಿಗೆ ಹೇಳಿದ್ದೆ.

ನವರಾತ್ರಿಗೆ ಬಂದಳು. ಹಬ್ಬದ ರವಿಕೆಗಳನ್ನೆಲ್ಲ ಕೊಟ್ಟು, ಅಂಗಡಿಗೆ ಬೀಗ ಹಾಕಿ, ಚೀಲದಲ್ಲಿ ಬಾದಾಮಿಯ ಜೊತೆ ಇನ್ನೊಂದು ವಸ್ತು ಇಟ್ಟುಕೊಂಡು ಬಂದಿದ್ದಳು: ಕುಬಟೂರಿನ ಮನೆಯ ಗೋಡೆಯಿಂದ ಇಳಿಸಿ ತಂದ, ಗಂಧದ ಮಾಲೆ ಹಾಕಿದ ಅಜ್ಜಿಯ ಪಟ. ಕಣ್ಣಿಂದ ನೋಡಿದರೆ ನಂಬಿಕೆ ಬರುತ್ತದಂತೆ! ನಾನು ದೇವಿಗೆ ದೀಪ ಹಚ್ಚಿ ಹೂವು ಏರಿಸುತ್ತಿದ್ದೆ. ಹೊರಗೆ ನಾಗರತ್ನಳ ದನಿ ಕೇಳಿಸಿತು. "ಇಲ್ನೋಡವ್ವ. ಇದ್ಯಾರು? ನಿಮ್ಮವ್ವ. ಮಾಲೆ ಯಾಕೆ ಹಾಕ್ತಾರೆ ಹೇಳು? ಸತ್ತೋಗ್ಯಾಳೆ. ನಾನು ನಿನ್ನ ಮಗಳು ನಾಗರತ್ನ. ಎಲ್ಲಿ, ನೀನೇ ಒಂದ್ಸಲ ಹೇಳು."

ನಾನು ಓಡಿ ಬರುವಷ್ಟರಲ್ಲಿ ಆಗುವುದೆಲ್ಲ ಆಗಿತ್ತು. ಅದೇ ಕೂಗು, ಅದೇ ನಲ್ಲಿ, ಅದೇ ಒದ್ದೆ ಸೀರೆ. ಈ ಸಲ ಅತ್ತೆ ದೇವರ ಕೋಣೆಗೇ ಬಂದು, "ಮೈಲಿಗೇಲಿ ದೀಪ ಉರಿಸ್ತೀಯಲ್ಲೇ ಪಾಪಿ" ಎಂದು ನವರಾತ್ರಿ ಮುಗಿಯುವವರೆಗೆ ಆರಬಾರದ ದೀಪದ ಬತ್ತಿಯನ್ನು ಬರಿಗೈಯಲ್ಲಿ ಹಿಸುಕಿದರು. ಮೊದಲು ಅವರ ಬೆರಳು ನೋಡಿದೆ, ಸುಟ್ಟಿರಲಿಲ್ಲ. ಆ ದೇವಿಯೂ ಹೆಣ್ಣಲ್ಲವೇ, ಯಾರ ದುಃಖ ಎಂಥದ್ದೆಂದು ಅವಳಿಗೆ ತಿಳಿಯುತ್ತದೆ ಎಂದುಕೊಂಡು ಕೈ ಮುಗಿದೆ.

ಆ ದಿನ ಅತ್ತೆ ತೊಟ್ಟು ನೀರನ್ನೂ ಕುಡಿಯಲಿಲ್ಲ. ಮಾರನೆಯ ದಿನ ತುಟಿ ಒಣಗಿ ಬಿರಿದಿತ್ತು. ನಾಗರತ್ನ ತಟ್ಟೆ ಹಿಡಿದು ಬೇಡಿದಳು, ಗದರಿದಳು, ಅತ್ತಳು. "ಸಾವಿನ ಮನೇಲಿ ಉಣ್ಣು ಅಂತೀಯಲ್ಲ, ನಿನ್ನ ಯಾರು ಹಡೆದ್ರೇ?" ಎಂದರು ಅತ್ತೆ. ಹಡೆದವರೇ ಹಾಗೆ ಕೇಳಿದರೆ ಅವಳು ಯಾರನ್ನು ತೋರಿಸಿಯಾಳು?

ಗಿರಿಜಮ್ಮ ಹಬ್ಬಕ್ಕೆ ಮಗಳ ಮನೆಗೆ ಹೋಗಿದ್ದಳು. ನವರಾತ್ರಿಯಲ್ಲಿ ಸೂತಕದ ಅನ್ನ ಹೊತ್ತು ಬನ್ನಿ ಎಂದು ಬೀದಿಯ ಯಾವ ಮುತ್ತೈದೆಯನ್ನು ಕೇಳಲಿ? ನಮ್ಮವರನ್ನು ಕಳಿಸಿ ನೋಡಿದೆ. "ಗಂಡಸ್ರು ಪಾತ್ರೆ ಹೊತ್ಕೊಂಡು ಬಂದಾರೆ, ಇದ್ಯಾವ ಊರ ಪದ್ಧತಿ?" ಎಂದು ಅತ್ತೆ ಗೋಡೆಯ ಕಡೆ ತಿರುಗಿಕೊಂಡರು. ನಾನು ಹೋಗುವಂತಿಲ್ಲ, ಈ ಮನೆಯ ಅಡುಗೆಯವಳೆಂದು ಅವರಿಗೆ ಗೊತ್ತು.

"ನೀನೇ ಹೋಗು" ಎಂದೆ ನಾಗರತ್ನಳಿಗೆ. "ನಿನ್ನ ಗುರುತು ಅವ್ರಿಗೆ ಹೆಂಗೂ ಇಲ್ಲ."

"ನಾನು ಬ್ಯಾರೆ ಮನೆಯವ್ಳು ಅಂತ ನಾಟಕ ಮಾಡ್ಲಾ? ಹೆತ್ತವ್ವನ ಮುಂದೆ? ನನ್ನಿಂದಾಗದಿಲ್ಲ."

"ಹಂಗಾದ್ರೆ ಆ ಪಟದ ಪಕ್ಕಕ್ಕೆ ಇನ್ನೊಂದು ಮೊಳೆ ಹೊಡಿ" ಎಂದೆ. ಕಠಿಣವಾಗಿ ಹೇಳಿದೆ, ಹೌದು. ಹಬ್ಬದ ದಿನ ಆಡಬಾರದ ಮಾತು.

ಅವಳು ಪಾತ್ರೆ ತೆಗೆದುಕೊಂಡು ಹಿತ್ತಿಲ ಬಾಗಿಲಿನಿಂದ ಹೊರಟಳು. ಬೀದಿ ಸುತ್ತಿ ಬಂದವಳು, ಸಾವಿನ ಮನೆಗೆ ಅನ್ನ ತರುವವರ ಹಾಗೆ ತಲೆಯ ಮೇಲೆ ಸೆರಗು ಎಳೆದುಕೊಂಡು, ಪಾತ್ರೆಯನ್ನು ಸೊಂಟಕ್ಕಿಟ್ಟು ಹೊಸ್ತಿಲ ಒಳಗೆ ಕಾಲಿಟ್ಟಳು. ಅತ್ತೆ ಮುಖ ಎತ್ತಿದರು. ನೋಡುತ್ತಾ ನೋಡುತ್ತಾ ಅವರ ಮುಖ ಚಿಕ್ಕ ಹುಡುಗಿಯ ಮುಖದಂತಾಯಿತು.

"ಅವ್ವಾ!"

ನಾಗರತ್ನ ನಿಂತಲ್ಲೇ ನಿಂತಳು.

"ಬಂದ್ಯೇನವ್ವಾ? ಯಾವಳೋ ಹಾಳು ಹೆಂಗ್ಸು ಬಂದು ನೀ ಸತ್ತೋದೆ ಅಂದ್ಳು. ಪಟ ಬ್ಯಾರೆ ತೋರ್ಸಿದ್ಲು, ಮಾಲೆ ಹಾಕಿ. ನಂಗೆ ಜೀವನೇ ಹೋದಂಗಾತು."

ನಾನು ಬಾಗಿಲ ಸಂದಿಯಿಂದ ನಾದಿನಿಯ ಬಾಯಿಯನ್ನೇ ನೋಡುತ್ತಿದ್ದೆ. ನಾನು ನಿನ್ನ ಅವ್ವ ಅಲ್ಲ, ನಿನ್ನ ಮಗಳು ಎಂಬ ಸತ್ಯ ಅವಳ ನಾಲಿಗೆಯ ತುದಿಯವರೆಗೆ ಬಂದದ್ದು ನನಗೆ ಕಾಣಿಸಿತು. ಅವಳು ಅದನ್ನು ನುಂಗಿದ್ದೂ ಕಾಣಿಸಿತು.

"ಅವ್ಳಿಗೇನು ಗೊತ್ತು ಮಗಾ?" ಎಂದಳು ನಾಗರತ್ನ. "ಸುಳ್ಳಿ ಅವ್ಳು. ಬಾಯಿಗೆ ಬಂದದ್ದು ಆಡ್ತಾಳೆ. ಏಳು, ಉಣ್ಣು."

ಮಂಚದ ಮೇಲೆ ಕೂತು ಅನ್ನ ಕಲಸಿ ತುತ್ತು ಮಾಡಿ ಇಟ್ಟಳು. ಅತ್ತೆ ಒಂದು ತುತ್ತು ನುಂಗಿದರು, ನೀರು ಕುಡಿದರು, ಇನ್ನೊಂದು ತುತ್ತಿಗೆ ಬಾಯಿ ತೆರೆದವರು ತಟ್ಟನೆ ಅವಳ ಮುಂಗೈ ಹಿಡಿದುಕೊಂಡರು.

"ಆ ಹೆಂಗ್ಸು ಮತ್ತೆ ಬಂದ್ರೆ?"

"ಬರದಿಲ್ಲ" ಎಂದಳು ನಾಗರತ್ನ. "ಇನ್ನು ಮ್ಯಾಲೆ ಅವ್ಳು ಈ ಮನೆಗೆ ಬರದಿಲ್ಲ."